ಬಂದ ದಾರಿಗೂ ಸುಂಕವುಂಟು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಯಂತ್ರಗಳ ಒಳಗೆ ಕುಳಿತು ಕೆಲಸಮಾಡುವ ಪುಟ್ಟ ಗಣಕಗಳಿಗೆ ಪ್ರೋಗ್ರಾಮ್ ಬರೆಯುವುದು ಅವನ ವೃತ್ತಿ. ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ಏನಪ್ಪಾ ಎಂದು ಕೇಳಿದೆ. "ಒಂದು ವಾರ ನಿದ್ದೆಯಿಲ್ಲ ಸರ್. ಯಂತ್ರ ದಿನಕ್ಕೊಮ್ಮೆ ಕಾರಣವಿಲ್ಲದೆ ನಿಂತುಹೋಗುತ್ತಿತ್ತು. ಕೊನೆಗೆ ನೋಡಿದರೆ, ಯಾರೋ ಒಂದು ರಿಜಿಸ್ಟರನ್ನು ಬಳಸಿಕೊಂಡು, ಅದರಲ್ಲಿ ಮೊದಲಿದ್ದುದನ್ನು ತಿರುಗಿ ಇಟ್ಟಿರಲಿಲ್ಲ. ಕಾಲಿಂಗ್ ಕನ್ವೆನ್ಷನ್ ಮುರಿದಿದ್ದರು" ಎಂದ. ಆ ಮಾತು ನನಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ತರಗತಿಯ ಕರಿಹಲಗೆ.

ಒಂದೇ ಕರಿಹಲಗೆಯನ್ನು ದಿನಕ್ಕೆ ಏಳು ಮಂದಿ ಅಧ್ಯಾಪಕರು ಬಳಸುತ್ತಾರೆ. ನಾನು ಅರ್ಧ ಬಿಡಿಸಿದ ಲೆಕ್ಕವನ್ನು ಹಲಗೆಯ ಮೇಲೆ ಬಿಟ್ಟು ಹೋದರೆ, ಮುಂದಿನ ಅವಧಿಯವರು ಅದನ್ನು ಉಳಿಸಬೇಕೇ, ಅಳಿಸಬಹುದೇ? ಇದಕ್ಕೆ ಎರಡು ಪದ್ಧತಿಗಳುಂಟು. ಬೇಕಾದುದನ್ನು ಹೋಗುವವರೇ ಪುಸ್ತಕಕ್ಕೆ ಇಳಿಸಿಕೊಂಡು ಹೋಗಬೇಕು, ಬರುವವರು ನಿಶ್ಚಿಂತೆಯಿಂದ ಅಳಿಸಬಹುದು ಎಂಬುದು ಒಂದು. ಬರುವವರೇ ಇದ್ದುದನ್ನು ಬರೆದಿಟ್ಟುಕೊಂಡು, ತಮ್ಮ ಪಾಠ ಮುಗಿದ ಮೇಲೆ ಮೊದಲಿನಂತೆಯೇ ಬರೆದು ಹೋಗಬೇಕು ಎಂಬುದು ಇನ್ನೊಂದು. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಶಾಲೆಯ ಅರ್ಧ ಮಂದಿ ಒಂದನ್ನು, ಉಳಿದರ್ಧ ಮಂದಿ ಇನ್ನೊಂದನ್ನು ಅನುಸರಿಸಿದರೆ ಮಾತ್ರ ಜಗಳ ತಪ್ಪಿದ್ದಲ್ಲ. ಗಣಕದ ಕಾಲಿಂಗ್ ಕನ್ವೆನ್ಷನ್ ಎಂದರೆ ಇಷ್ಟೇ: ಒಂದು ಪ್ರೋಗ್ರಾಮ್ ಇನ್ನೊಂದನ್ನು ಕೆಲಸಕ್ಕೆ ಕರೆಯುವಾಗ, ಹಿಂದಿರುಗುವ ವಿಳಾಸವನ್ನು ಎಲ್ಲಿಡಬೇಕು, ಯಾರ ಸಾಮಾನನ್ನು ಯಾರು ಕಾಯಬೇಕು ಎಂಬ ಒಡಂಬಡಿಕೆ. ಹೀಗೆ ಕರೆಸಿಕೊಳ್ಳುವ ತುಣುಕಿಗೆ ಸಬ್‌ರುಟೀನ್ ಎಂದು ಹೆಸರು.

ಅವನು ಹೋದ ಮೇಲೆ ಇದರ ಇತಿಹಾಸವನ್ನು ಕೆದಕುತ್ತಾ ಕುಳಿತೆ. ಕೆದಕಿದಂತೆಲ್ಲ ಅದು ನನ್ನನ್ನು ಚಂದ್ರನವರೆಗೂ ಕರೆದೊಯ್ದಿತು. ಬಂದ ದಾರಿಗೆ ಸುಂಕವಿಲ್ಲ ಎಂಬುದು ನಮ್ಮ ಗಾದೆ. ಗಣಕಲೋಕದಲ್ಲಿ ಬಂದ ದಾರಿಗೂ ಸುಂಕವುಂಟು, ಅದನ್ನು ಕಟ್ಟದವನು ಮನೆಗೆ ಮರಳಲಾರ ಎಂಬುದನ್ನು ಈ ಕಥೆಯಿಂದ ಕಲಿತೆ.

ಮೊದಲಿಗೆ ಸ್ವಲ್ಪ ಪೂರ್ವಕಥೆ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1945ರ ಕೊನೆಯಲ್ಲಿ ತಾನು ಕಲ್ಪಿಸಿದ ಗಣಕವೊಂದರ ವಿವರವಾದ ವರದಿಯನ್ನು ಸಿದ್ಧಪಡಿಸಿದ. ಅದರಲ್ಲಿ ಉಪಕೆಲಸಕ್ಕೆ ಹೋಗುವಾಗ ಮರಳುವ ಜಾಗವನ್ನು ಗುರುತುಹಾಕಿ ಇಡುವುದಕ್ಕೆ 'ಹೂಳು' ಎಂದೂ, ಮರಳುವಾಗ ಅದನ್ನು ತೆಗೆಯುವುದಕ್ಕೆ 'ಅಗೆದು ತೆಗೆ' ಎಂದೂ ಅರ್ಥಬರುವ ಹೆಸರುಗಳನ್ನು ಇಟ್ಟಿದ್ದ. ಕಾಡಿಗೆ ಹೋಗುವವನು ಬುತ್ತಿಯನ್ನು ದಾರಿಯಲ್ಲಿ ಹೂತಿಟ್ಟು ಹೋಗುವಂತೆ.

ಇದನ್ನು ದಿನನಿತ್ಯದ ಬಳಕೆಗೆ ತಂದವರು ಕೇಂಬ್ರಿಜ್ ವಿಶ್ವವಿದ್ಯಾಲಯದವರು. ಮಾರಿಸ್ ವಿಲ್ಕ್ಸ್ ಅವರ ಮುಂದಾಳುತನದಲ್ಲಿ ಅಲ್ಲಿ ಕಟ್ಟಿದ ಎಡ್‌ಸ್ಯಾಕ್ ಎಂಬ ಗಣಕವು 1949ರ ಮೇ 6ರಂದು ಮೊದಲ ಲೆಕ್ಕವನ್ನು ಮಾಡಿತು. ಅಲ್ಲಿನ ಯುವಕ ಡೇವಿಡ್ ವೀಲರ್ ಒಂದು ಜಾಣ ಉಪಾಯವನ್ನು ಕಂಡುಹಿಡಿದ. ಕರೆಯುವ ಪ್ರೋಗ್ರಾಮ್, ತಾನು ಎಲ್ಲಿದ್ದೇನೆಂಬುದನ್ನು ತಿಳಿಸುವ ತನ್ನದೇ ಸಾಲೊಂದರ ಪ್ರತಿಯನ್ನು ಕೈಯಲ್ಲಿ ಹಿಡಿದು ಸಬ್‌ರುಟೀನಿಗೆ ಹಾರುತ್ತದೆ. ಸಬ್‌ರುಟೀನ್ ಮೊದಲು ಮಾಡುವ ಕೆಲಸವೆಂದರೆ, ಆ ಪ್ರತಿಗೆ ಒಂದು ನಿಗದಿತ ಸಂಖ್ಯೆಯನ್ನು ಕೂಡಿ, ಅದನ್ನು 'ಇಂಥಲ್ಲಿಗೆ ಮರಳು' ಎಂಬ ಆಜ್ಞೆಯನ್ನಾಗಿ ಮಾರ್ಪಡಿಸಿ, ತನ್ನ ಕೊನೆಯ ಸಾಲಿನಲ್ಲಿ ಬರೆದುಕೊಳ್ಳುವುದು. ಅಂದರೆ ಅತಿಥಿ ಬಂದಾಗಲೆಲ್ಲ ಮನೆಯ ಹಿಂಬಾಗಿಲನ್ನು ಅವನ ಊರಿನ ದಿಕ್ಕಿಗೆ ತಿರುಗಿಸಿ ಕಟ್ಟಿದ ಹಾಗೆ! ಇದಕ್ಕೆ ವೀಲರ್ ಜಿಗಿತ ಎಂದೇ ಹೆಸರಾಯಿತು. 1951ರ ಹೊತ್ತಿಗೆ ಎಡ್‌ಸ್ಯಾಕ್‌ನ ಭಂಡಾರದಲ್ಲಿ ಇಂಥ 87 ಸಬ್‌ರುಟೀನುಗಳಿದ್ದವು. ಒಬ್ಬ ಬರೆದುದನ್ನು ಇನ್ನೊಬ್ಬ ನಂಬಿ ಬಳಸುವ ಸಂಪ್ರದಾಯ ಅಲ್ಲಿ ನೆಲೆಗೊಂಡಿತು.

ಈ ಉಪಾಯಕ್ಕೆ ಒಂದು ಷರತ್ತುಂಟು. ಪ್ರೋಗ್ರಾಮ್ ತನ್ನ ಸಾಲನ್ನು ತಾನೇ ತಿದ್ದಿಕೊಳ್ಳುವಂತಿರಬೇಕು. ತಿದ್ದಲಾಗದ ಪ್ರೋಗ್ರಾಮ್ ಆದರೆ ಏನು ಗತಿ? ಮುಂದೆ ಅಂಥದೇ ಒಂದು ಯಂತ್ರವನ್ನು ಕಟ್ಟಬೇಕಾಯಿತು.

1961ರ ಆಗಸ್ಟಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಅಪೊಲೊ ನೌಕೆಗೆ ದಾರಿ ತೋರಿಸುವ ವ್ಯವಸ್ಥೆಯನ್ನು ರೂಪಿಸುವ ಹೊಣೆಯನ್ನು ಎಂ.ಐ.ಟಿ. ಸಂಸ್ಥೆಯ ಇನ್‌ಸ್ಟ್ರುಮೆಂಟೇಶನ್ ಲ್ಯಾಬೊರೇಟರಿಗೆ ವಹಿಸಿತು. ಅವರು ನಿರ್ಮಿಸಿದ ಗಣಕದ ತೂಕ ಸುಮಾರು 32 ಕಿಲೋ. ಅದರ ಶಾಶ್ವತ ಸ್ಮೃತಿಯಲ್ಲಿ 36,864 ಪದಗಳು; ಬರೆದು ಅಳಿಸಬಹುದಾದ ಸ್ಮೃತಿಯಲ್ಲಿ ಕೇವಲ 2,048 ಪದಗಳು. ಒಂದು ಪದವೆಂದರೆ 15 ಬಿಟ್‌ಗಳು, ಜೊತೆಗೆ ತಪ್ಪು ಹಿಡಿಯಲು ಒಂದು. ಆ ಶಾಶ್ವತ ಸ್ಮೃತಿಯನ್ನು ನೇಯ್ದು ಮಾಡುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಪುಟ್ಟ ಕಾಂತದ ಉಂಗುರಗಳ ಸಾಲು. ತಂತಿಯು ಉಂಗುರದ ಒಳಗಿನಿಂದ ಹಾದುಹೋದರೆ ಒಂದು, ಹೊರಗಿನಿಂದ ಹೋದರೆ ಸೊನ್ನೆ. ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ಟ್‌ಹ್ಯಾಮ್ ಎಂಬ ಊರಿನ ರೇಥಿಯಾನ್ ಕಾರ್ಖಾನೆಯಲ್ಲಿ ಮಹಿಳೆಯರು ಸೂಜಿ ಹಿಡಿದು ಈ ತಂತಿಗಳನ್ನು ಪೋಣಿಸುತ್ತಿದ್ದರು. ನೇಯ್ದ ಸೀರೆಯ ಅಂಚನ್ನು ಬಿಚ್ಚಿ ಬದಲಿಸಲಾಗದಂತೆ, ನೇಯ್ದ ಪ್ರೋಗ್ರಾಮಿನ ಒಂದು ಸಾಲನ್ನೂ ಆಕಾಶದಲ್ಲಿ ತಿದ್ದುವಂತಿಲ್ಲ. ವೀಲರನ ಜಿಗಿತ ಅಲ್ಲಿ ನಡೆಯದು.

ಆದುದರಿಂದ ಅವರು ಹಿಂದಿರುಗುವ ವಿಳಾಸಕ್ಕಾಗಿಯೇ ಗಣಕದಲ್ಲಿ ಒಂದು ಪ್ರತ್ಯೇಕ ಗೂಡನ್ನು ಮೀಸಲಿಟ್ಟರು. ಅದರ ಹೆಸರು ಕ್ಯೂ ರಿಜಿಸ್ಟರ್. ಸಬ್‌ರುಟೀನಿಗೆ ಕಳುಹಿಸುವ ಆಜ್ಞೆಯ ಹೆಸರು ಟಿ.ಸಿ. ಶಾಲೆಯವರಾದ ನಮಗೆ ಟಿ.ಸಿ. ಎಂದೊಡನೆ ವರ್ಗಾವಣೆ ಪತ್ರ ನೆನಪಾಗುತ್ತದೆ. ಹೋಲಿಕೆ ಅಷ್ಟೇನೂ ದೂರವಲ್ಲ. ನಿಯಂತ್ರಣವನ್ನು ವರ್ಗಾಯಿಸು ಎಂಬುದೇ ಆ ಅಕ್ಷರಗಳ ಅರ್ಥ. ನಮ್ಮ ಟಿ.ಸಿ.ಯಲ್ಲಿ ಹುಡುಗ ಯಾವ ಶಾಲೆಯಿಂದ ಬಂದನೆಂದು ಬರೆದಿರುವಂತೆ, ಅಲ್ಲಿಯೂ ಟಿ.ಸಿ. ನಡೆದೊಡನೆ ಎಲ್ಲಿಂದ ಬಂದೆವೆಂಬುದು ತಾನಾಗಿಯೇ ಕ್ಯೂನಲ್ಲಿ ದಾಖಲಾಗುತ್ತಿತ್ತು. ಕೆಲಸ ಮುಗಿದ ಮೇಲೆ ಸಬ್‌ರುಟೀನ್ ಕ್ಯೂನಲ್ಲಿದ್ದ ವಿಳಾಸಕ್ಕೆ ಮರಳಿದರೆ ಸಾಕು.

ಆದರೆ ಗೂಡು ಒಂದೇ! ಕರೆಸಿಕೊಂಡವನು ಮತ್ತೊಬ್ಬನನ್ನು ಕರೆದರೆ ಕ್ಯೂನಲ್ಲಿದ್ದ ಹಳೆಯ ವಿಳಾಸ ಅಳಿಸಿಹೋಗಿ ಹೊಸದು ಕೂರುತ್ತದೆ. ಮೊದಲನೆಯವನು ಮನೆಯ ದಾರಿ ಮರೆತ ಹಾಗೆಯೇ. ಇಂದಿನ ಗಣಕಗಳು ವಿಳಾಸಗಳನ್ನು ಸ್ಟ್ಯಾಕ್ ಎಂಬ ಅಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿಡುತ್ತವೆ. ಅಪೊಲೊ ಗಣಕದ ಯಂತ್ರಭಾಷೆಯಲ್ಲಿ ಅಂಥ ಅನುಕೂಲವಿರಲಿಲ್ಲ. ಹಾಗಾಗಿ, ಇನ್ನೊಬ್ಬನನ್ನು ಕರೆಯಲಿರುವ ಸಬ್‌ರುಟೀನ್ ಮೊದಲು ಕ್ಯೂನಲ್ಲಿದ್ದುದನ್ನು ತೆಗೆದು ಆ 2,048 ಪದಗಳಲ್ಲಿ ಎಲ್ಲಾದರೊಂದು ಕಡೆ ಇಟ್ಟುಕೊಳ್ಳಬೇಕು ಎಂಬ ನಿಯಮವನ್ನು ಬರೆಯುವವರೇ ಪಾಲಿಸಬೇಕಿತ್ತು. ಇಡುವ ಜಾಗವೂ ನಿರಾತಂಕವಲ್ಲ. ಸ್ಮೃತಿಯ ಬಡತನದಿಂದಾಗಿ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಪ್ರೋಗ್ರಾಮುಗಳು ಹಂಚಿಕೊಳ್ಳುತ್ತಿದ್ದವು. ಯಾರು ಯಾವಾಗ ಎಲ್ಲಿರುತ್ತಾರೆಂಬುದು ಎಲ್ಲರಿಗೂ ತಿಳಿದಿರಬೇಕಿತ್ತು. ಯಂತ್ರಕ್ಕೆ ಇದಾವುದೂ ಗೊತ್ತಿಲ್ಲ. ಒಡಂಬಡಿಕೆ ಇದ್ದುದು ಮನುಷ್ಯರ ನಡುವೆ.

ಇನ್ನು ಇಂಟರಪ್ಟ್ ಎಂಬ ಅಡಚಣೆಯ ವಿಚಾರ. ಈ ಗಣಕವು ಲೆಕ್ಕ ಮುಗಿಸಿ ಉತ್ತರ ಹೇಳುವ ಸಾವಧಾನದ ಯಂತ್ರವಲ್ಲ. ನೌಕೆ ಹಾರುತ್ತಿರುವಾಗಲೇ ಅದಕ್ಕೆ ಸರಿಯಾಗಿ ಕ್ಷಣಕ್ಷಣಕ್ಕೂ ಉತ್ತರ ಕೊಡಬೇಕಾದುದು. ಗಡಿಯಾರ ಬಡಿಯುತ್ತದೆ, ಯಾತ್ರಿಕ ಕೀಲಿ ಒತ್ತುತ್ತಾನೆ, ಭೂಮಿಯಿಂದ ಸಂದೇಶ ಬರುತ್ತದೆ. ಆಗೆಲ್ಲ ಗಣಕವು ಕೈಯಲ್ಲಿದ್ದ ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ಆ ಕಡೆಗೆ ಓಡಬೇಕು. ಸಬ್‌ರುಟೀನನ್ನಾದರೂ ನಾವಾಗಿ ಕರೆಯುತ್ತೇವೆ. ಇದು ಕರೆಯದೆ ಬರುವ ಅತಿಥಿ. ಓಡುವ ಮುನ್ನ ಯಂತ್ರವು ತಾನಾಗಿ ಎರಡನ್ನು ಮಾತ್ರ ಕಾಯ್ದಿಡುತ್ತಿತ್ತು: ಎಲ್ಲಿ ನಿಂತೆವು ಎಂಬುದು, ಮತ್ತು ಅಲ್ಲಿ ನಡೆಸಬೇಕಾಗಿದ್ದ ಆಜ್ಞೆ. ಲೆಕ್ಕ ಮಾಡುವ ರಿಜಿಸ್ಟರುಗಳಲ್ಲಿದ್ದ ಅರೆಬರೆ ಉತ್ತರ ಮತ್ತು ಕ್ಯೂನಲ್ಲಿದ್ದ ವಿಳಾಸ, ಇವನ್ನು ಕಾಯ್ದು ಮರಳಿ ಇಡುವುದು ಬಂದ ಅತಿಥಿಯ ಜವಾಬ್ದಾರಿ. ಅವರು ಇದರಲ್ಲಿಯೂ ಒಂದು ಮಿತವ್ಯಯ ಮಾಡಿದ್ದರು. ಮರಳಲು ಬಾಗಿಲುಗಳು ಒಂದಕ್ಕಿಂತ ಹೆಚ್ಚಿದ್ದವು. ಕ್ಯೂ ಅನ್ನು ಮುಟ್ಟಿದವನು ಅದನ್ನು ಮೊದಲಿನಂತಾಗಿಸುವ ಬಾಗಿಲಿನಿಂದ ಹೋಗಬೇಕು. ಮುಟ್ಟದವನು ಹತ್ತಿರದ ಬಾಗಿಲಿನಿಂದ ಹೋಗಬಹುದು. ಒಂದೊಂದು ಆಜ್ಞೆಗೂ ಅಷ್ಟು ಬೆಲೆಯಿತ್ತು. ತಪ್ಪು ಬಾಗಿಲು ಹಿಡಿದರೆ ಎಲ್ಲಿಯೋ ಕೆಲಸಮಾಡುತ್ತಿದ್ದ ನಿರಪರಾಧಿ ಪ್ರೋಗ್ರಾಮ್ ದಾರಿ ತಪ್ಪುತ್ತಿತ್ತು. ನನ್ನ ಶಿಷ್ಯನ ವಾರದ ನಿದ್ದೆಯನ್ನು ಕೆಡಿಸಿದ್ದೂ ಈ ಜಾತಿಯ ತಪ್ಪೇ.

ಈ ಎಲ್ಲ ಕೆಲಸಗಳ ಮೇಲೆ ಮುಖ್ಯೋಪಾಧ್ಯಾಯರಂತೆ ಕುಳಿತಿದ್ದುದು ಎಕ್ಸಿಕ್ಯೂಟಿವ್ ಎಂಬ ಪ್ರೋಗ್ರಾಮ್. ಅದನ್ನು ರೂಪಿಸಿದವರು ಹಾಲ್ಕೊಂಬ್ ಲ್ಯಾನಿಂಗ್. ಪ್ರತಿಯೊಂದು ಕೆಲಸಕ್ಕೂ ಒಂದು ಆದ್ಯತೆಯ ಸಂಖ್ಯೆ. ಹೆಚ್ಚು ಆದ್ಯತೆಯದು ಮೊದಲು. ಆದರೆ ಎಕ್ಸಿಕ್ಯೂಟಿವ್ ಯಾರ ಕೈಯಿಂದಲೂ ಕೆಲಸವನ್ನು ಕಿತ್ತುಕೊಳ್ಳುತ್ತಿರಲಿಲ್ಲ. ಪ್ರತಿಯೊಂದು ಕೆಲಸವೂ ಆಗಾಗ ತಲೆಯೆತ್ತಿ, 'ನನಗಿಂತ ಮುಖ್ಯರಾದವರು ಕಾಯುತ್ತಿದ್ದಾರೆಯೇ' ಎಂದು ತಾನಾಗಿ ನೋಡಬೇಕು. ಕಾಯುತ್ತಿದ್ದರೆ ಎಕ್ಸಿಕ್ಯೂಟಿವನ್ನು ಟಿ.ಸಿ. ಮೂಲಕ ಕರೆಯಬೇಕು. ಆಗ ಮರಳುವ ವಿಳಾಸವು ಎಂದಿನಂತೆ ಕ್ಯೂಗೆ ಬರುತ್ತದೆ. ಎಕ್ಸಿಕ್ಯೂಟಿವ್ ಅದನ್ನು ಆ ಕೆಲಸದ ಖಾತೆಗೆ ಬರೆದು, ಮುಖ್ಯವಾದ ಇನ್ನೊಂದನ್ನು ನಡೆಸಿ, ಮುಂದೆ ಬಿಡುವಾದಾಗ ಅದೇ ವಿಳಾಸಕ್ಕೆ ಮರಳಿಸುತ್ತದೆ. ಕೆಲಸದ ಬದಲಾವಣೆ ಎಂಬ ದೊಡ್ಡ ವ್ಯವಹಾರ ಅಲ್ಲಿ ಸ್ವಲ್ಪ ತಡವಾಗಿ ಮರಳುವ ಸಬ್‌ರುಟೀನ್ ಕರೆಯಷ್ಟೇ ಆಗಿತ್ತು! ಇದನ್ನು ಓದಿದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ. ತಲೆಯೆತ್ತಿ ನೋಡಲು ಯಾರಾದರೂ ಮರೆತರೆ, ರಾತ್ರಿ ಕಾವಲುಗಾರ ಎಂದೇ ಹೆಸರಿಟ್ಟಿದ್ದ ಒಂದು ಮಂಡಲವು ಅದನ್ನು ಗಮನಿಸಿ ಗಣಕವನ್ನೇ ಮತ್ತೆ ಆರಂಭಿಸುತ್ತಿತ್ತು.

ಪ್ರತಿ ಕೆಲಸಕ್ಕೂ ಒಂದು ಖಾತೆ ಎಂದೆನಲ್ಲ, ಅದಕ್ಕೆ ಕೋರ್ ಸೆಟ್ ಎಂದು ಹೆಸರು. ತಲಾ 12 ಪದಗಳ ಜಾಗ. ಅಂಥವು ಇದ್ದುದು ಏಳೆಂಟು ಮಾತ್ರ. ಹೆಚ್ಚು ಜಾಗ ಬೇಕಾದವರಿಗೆ ತಲಾ 44 ಪದಗಳ ದೊಡ್ಡ ಖಾತೆಗಳು ಐದು. ಇಷ್ಟು ಸಾಕು ಎಂದು ಲೆಕ್ಕಹಾಕಿದ್ದರು.

1969ರ ಜುಲೈ 20. ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಬಜ್ ಆಲ್ಡ್ರಿನ್ ಚಂದ್ರನತ್ತ ಇಳಿಯುತ್ತಿದ್ದರು. ಎಂಜಿನ್ ಹೊತ್ತಿಸಿ ಐದು ನಿಮಿಷ ಕಳೆದಿರಬಹುದು. ಎತ್ತರ ಸುಮಾರು 33,000 ಅಡಿ. ಗಣಕದ ಫಲಕದ ಮೇಲೆ ಎಚ್ಚರಿಕೆಯ ದೀಪ ಹೊತ್ತಿ 1202 ಎಂಬ ಸಂಖ್ಯೆ ಮೂಡಿತು. ಯಾತ್ರಿಕರಿಬ್ಬರಿಗೂ ಅದೇನೆಂದು ತಿಳಿಯದು. ಅದರ ಅರ್ಥ: ಕೋರ್ ಸೆಟ್‌ಗಳೆಲ್ಲ ತುಂಬಿವೆ, ಹೊಸ ಕೆಲಸಕ್ಕೆ ಖಾತೆಯಿಲ್ಲ.

ಆದದ್ದಿಷ್ಟು. ಎಂದಾದರೂ ಇಳಿತವನ್ನು ಕೈಬಿಟ್ಟು ಮೇಲೇರಬೇಕಾದರೆ ಬೇಕಾಗುವ ರಾಡಾರ್ ಒಂದಿತ್ತು. ಅದರ ಸ್ವಿಚ್ಚು ಇದ್ದ ಸ್ಥಿತಿಯಲ್ಲಿ, ರಾಡಾರಿನ ಕೋನವನ್ನು ಅಳೆಯುವ ಮಂಡಲಗಳಿಗೆ ಒಂದು ವಿದ್ಯುತ್ ಮೂಲದಿಂದ, ಗಣಕದ ಕಡೆಯ ಮಂಡಲಗಳಿಗೆ ಇನ್ನೊಂದು ಮೂಲದಿಂದ 800 ಆವರ್ತನದ ಪ್ರವಾಹ ಹೋಗುತ್ತಿತ್ತು. ಎರಡರ ಆವರ್ತನವೂ ಒಂದೇ. ಆದರೆ ಏರಿಳಿತಗಳು ಒಂದೇ ಕ್ಷಣಕ್ಕೆ ಹೊಂದಿರಲಿಲ್ಲ. ಒಂದೇ ವೇಗದಲ್ಲಿ ಹೆಜ್ಜೆಹಾಕುವ ಇಬ್ಬರು, ಒಬ್ಬನ ಎಡಗಾಲಿಗೆ ಇನ್ನೊಬ್ಬನ ಬಲಗಾಲು ಬಿದ್ದ ಹಾಗೆ. ಅಲುಗದೆ ನಿಂತಿದ್ದ ರಾಡಾರು ಗಣಕದ ಕಣ್ಣಿಗೆ ತೂರಾಡುತ್ತಿರುವಂತೆ ಕಂಡಿತು. ಎರಡು ಎಣಿಕೆಯಂತ್ರಗಳು ತಲಾ ಸೆಕೆಂಡಿಗೆ 6,400 ಬಾರಿಯಂತೆ ಆ ಹುಸಿ ಚಲನೆಯನ್ನು ಎಣಿಸತೊಡಗಿದವು. ಪ್ರತಿ ಎಣಿಕೆಯೂ ಗಣಕದ ಒಂದು ಆವೃತ್ತಿಯನ್ನು ಕದಿಯುತ್ತದೆ; ಆವೃತ್ತಿಯೆಂದರೆ 11.72 ಮೈಕ್ರೋಸೆಕೆಂಡ್. ಲೆಕ್ಕ ನೀವೇ ಮಾಡಿ ನೋಡಿ: 12,800ನ್ನು ಅದರಿಂದ ಗುಣಿಸಿದರೆ ಪ್ರತಿ ಸೆಕೆಂಡಿನಲ್ಲಿ 0.15 ಸೆಕೆಂಡು ನಷ್ಟ. ನೂರಕ್ಕೆ ಹದಿನೈದು ಪಾಲು!

ಇಳಿತದ ಮುಖ್ಯ ಕೆಲಸಕ್ಕೆ ಸರ್ವಿಸರ್ ಎಂದು ಹೆಸರು. ಅದು ಪ್ರತಿ 2 ಸೆಕೆಂಡಿಗೊಮ್ಮೆ ಹೊಸದಾಗಿ ಹುಟ್ಟಿ, ವೇಗ ಎತ್ತರಗಳನ್ನು ಲೆಕ್ಕಹಾಕಿ, ಎಂಜಿನ್ನಿಗೆ ಆಜ್ಞೆ ಕೊಟ್ಟು ಮುಗಿಯಬೇಕು. ಕಾಲ ಕಳವಾದುದರಿಂದ ಒಂದು ಸರ್ವಿಸರ್ ಮುಗಿಯುವ ಮೊದಲೇ ಇನ್ನೊಂದು ಬಂದು ಕುಳಿತುಕೊಳ್ಳತೊಡಗಿತು. ಮುಗಿಯದ ಪ್ರತಿಯೊಂದೂ ತನ್ನ ಖಾತೆಯನ್ನೂ ಮರಳುವ ವಿಳಾಸವನ್ನೂ ಹಿಡಿದುಕೊಂಡೇ ಕುಳಿತಿತು. ಹೋದವರು ಮರಳದೆ, ಬರುವವರು ನಿಲ್ಲದೆ, ಛತ್ರ ತುಂಬಿಹೋಯಿತು.

ಇಂಥ ಗಳಿಗೆಗೆಂದೇ ಅವರು ಇನ್ನೊಂದು ಒಡಂಬಡಿಕೆಯನ್ನು ಮಾಡಿಕೊಂಡಿದ್ದರು. ಪ್ರತಿಯೊಂದು ಮುಖ್ಯ ಕೆಲಸವೂ ಮುಂದುವರಿದಂತೆಲ್ಲ 'ಎಲ್ಲವೂ ಕೆಟ್ಟರೆ ನನ್ನನ್ನು ಇಲ್ಲಿಂದ ಆರಂಭಿಸಿ' ಎಂಬ ಗುರುತನ್ನು ಒಂದು ಪಟ್ಟಿಯಲ್ಲಿ ಬರೆದಿಡಬೇಕು. ಅದನ್ನು ಎರಡು ಬಾರಿ ಬರೆಯಬೇಕು, ಒಮ್ಮೆ ನೇರವಾಗಿ, ಒಮ್ಮೆ ಸೊನ್ನೆ ಒಂದುಗಳನ್ನು ತಿರುಗುಮುರುಗಾಗಿಸಿ. ಎರಡೂ ತಾಳೆಯಾದರೆ ಮಾತ್ರ ನಂಬಿಕೆ. ಹಿಂದಿರುಗುವ ವಿಳಾಸವೆಲ್ಲ ಕಳೆದುಹೋದಾಗ ಹಿಂದಿರುಗಲು ಇರುವ ವಿಳಾಸವದು. 1202 ಮೂಡಿದೊಡನೆ ಗಣಕವು ಖಾತೆಗಳನ್ನೆಲ್ಲ ಬರಿದುಮಾಡಿ, ಆ ಪಟ್ಟಿಯನ್ನು ನೋಡಿ, ಮುಖ್ಯ ಕೆಲಸಗಳನ್ನು ಮಾತ್ರ ಬರೆದಿಟ್ಟ ಜಾಗಗಳಿಂದ ಮತ್ತೆ ಹಿಡಿಯಿತು. ರಾಶಿಬಿದ್ದಿದ್ದ ಸರ್ವಿಸರುಗಳ ಬದಲು ಒಂದೇ ಒಂದು ಉಳಿಯಿತು. ಆಲ್ಡ್ರಿನ್ ಕೇಳಿದ್ದ ಒಂದು ಹೆಚ್ಚುವರಿ ಅಂಕಿಯ ಪ್ರದರ್ಶನವು ಪಟ್ಟಿಯಲ್ಲಿರದ ಕಾರಣ ಬಿಟ್ಟುಹೋಯಿತು. ಎಂಜಿನ್ ಆರಲಿಲ್ಲ, ನೌಕೆ ಓಲಲಿಲ್ಲ.

ಹ್ಯೂಸ್ಟನ್ನಿನಲ್ಲಿ ನಿರ್ಧಾರ ಮಾಡಬೇಕಾದವರು ಸ್ಟೀವ್ ಬೇಲ್ಸ್ ಎಂಬ 26 ವರ್ಷದ ತರುಣ. ಅವರಿಗೆ ನೆರವಾಗಿ 24 ವರ್ಷದ ಜ್ಯಾಕ್ ಗಾರ್ಮನ್. ಕೆಲವೇ ದಿನಗಳ ಹಿಂದೆ ಅಭ್ಯಾಸದ ವೇಳೆ ಇಂಥದೇ ಎಚ್ಚರಿಕೆಗೆ ಬೆದರಿ ಇಳಿತವನ್ನು ತಪ್ಪಾಗಿ ಕೈಬಿಟ್ಟಿದ್ದರಿಂದ, ಗಾರ್ಮನ್ ಎಲ್ಲ ಎಚ್ಚರಿಕೆಗಳ ಅರ್ಥವನ್ನು ಕೈಯಲ್ಲಿ ಬರೆದು ಪಟ್ಟಿಮಾಡಿಕೊಂಡಿದ್ದರು. ಎಚ್ಚರಿಕೆ ಮತ್ತೆ ಮತ್ತೆ ಎಡೆಬಿಡದೆ ಬಾರದಿದ್ದರೆ ಮುಂದುವರಿಯಬಹುದು ಎಂದು ಅವರು ಹೇಳಿದರು. ಇಳಿಯುವಷ್ಟರಲ್ಲಿ 1202 ನಾಲ್ಕು ಬಾರಿ, ದೊಡ್ಡ ಖಾತೆಗಳು ಮುಗಿದವೆಂದು ಹೇಳುವ 1201 ಒಂದು ಬಾರಿ ಬಂದವು. ಐದು ಬಾರಿಯೂ ಗಣಕವು ದಾರಿ ತಪ್ಪದೆ ಮರಳಿತು. ನಮ್ಮ ಗಡಿಯಾರದಲ್ಲಿ ಜುಲೈ 21ರ ನಡುರಾತ್ರಿ ಕಳೆದು 1 ಗಂಟೆ 47 ನಿಮಿಷಕ್ಕೆ ನೌಕೆ ಚಂದ್ರನ ನೆಲವನ್ನು ಮುಟ್ಟಿತು.

ಇಲ್ಲಿ ನನ್ನನ್ನು ಬಹುವಾಗಿ ಕಾಡಿದ ಸಂಗತಿ ಒಂದಿದೆ. ಪ್ರೋಗ್ರಾಮ್ ಬರೆದವರ ಒಡಂಬಡಿಕೆಯಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ಇನ್ನೊಂದು ಒಡಂಬಡಿಕೆಯಲ್ಲಿ. ಎರಡು ವಿದ್ಯುತ್ ಮೂಲಗಳು ಹೇಗಿರಬೇಕೆಂದು ತಿಳಿಸುವ ದಾಖಲೆಯಲ್ಲಿ ಆವರ್ತನ ಒಂದೇ ಆಗಿರಬೇಕೆಂದು ಬರೆದಿತ್ತು. ಹೆಜ್ಜೆಯೂ ಹೊಂದಿರಬೇಕೆಂದು ಬರೆದಿರಲಿಲ್ಲ. ಬಿಟ್ಟುಹೋದುದು ಒಂದು ಮಾತು. ಎರಡು ಕಡೆಯವರೂ ದಾಖಲೆಯಂತೆಯೇ ತಮ್ಮ ಪಾಲನ್ನು ಸರಿಯಾಗಿ ಕಟ್ಟಿದ್ದರು. ಒಂದು ಕಡೆ ಬರೆಯದೆ ಬಿಟ್ಟ ಮಾತು ಇಬ್ಬರನ್ನು ಅಪಾಯಕ್ಕೆ ನೂಕಿತು. ಇನ್ನೊಂದು ಕಡೆ ಎಲ್ಲರೂ ಬೇಸರವಿಲ್ಲದೆ ಪಾಲಿಸಿದ ಮಾತು ಅವರನ್ನು ಕಾಪಾಡಿತು. ಆ ಪ್ರೋಗ್ರಾಮುಗಳನ್ನು ಬರೆದ ಡಾನ್ ಐಲ್ಸ್ ಮುಂತಾದವರಾಗಲಿ, ಆ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಆಗಲಿ, ಆ ರಾತ್ರಿ ಹೊಸದಾಗಿ ಏನನ್ನೂ ಮಾಡುವಂತಿರಲಿಲ್ಲ. ಮಾಡಬೇಕಾದುದನ್ನು ತಿಂಗಳುಗಳ ಮೊದಲೇ ಮಾಡಿ, ನೇಯ್ದು ಕಳುಹಿಸಿಯಾಗಿತ್ತು.

ಆ ಕ್ಯೂ ರಿಜಿಸ್ಟರಿನ ಮಾದರಿ ಇಂದಿಗೂ ಬದುಕಿದೆ. ನಿಮ್ಮ ಕಿಸೆಯ ಫೋನಿನಲ್ಲಿರುವ ಆರ್ಮ್ ವಂಶದ ಪ್ರೊಸೆಸರಿನಲ್ಲಿ ಲಿಂಕ್ ರಿಜಿಸ್ಟರ್ ಎಂಬ ಗೂಡು ಇದೆ. ಹಿಂದಿರುಗುವ ವಿಳಾಸ ಅಲ್ಲಿಯೂ ಒಂದೇ ಗೂಡಿಗೆ ಬರುತ್ತದೆ, ಮತ್ತೊಬ್ಬನನ್ನು ಕರೆಯುವ ಮುನ್ನ ಅದನ್ನು ಕಾಯ್ದಿಡಲೇಬೇಕು. ಯಾವ ರಿಜಿಸ್ಟರನ್ನು ಕರೆದವನು, ಯಾವುದನ್ನು ಕರೆಸಿಕೊಂಡವನು ಕಾಯಬೇಕೆಂದು ಬರೆದ ನಿಯಮವೂ ಇದೆ. 2004ರಲ್ಲಿ ಪ್ರಕಟವಾದ ಕಾರ್ಟೆಕ್ಸ್-ಎಂ3 ಎಂಬ ಪುಟ್ಟ ಪ್ರೊಸೆಸರಿನಲ್ಲಿಯಂತೂ, ಇಂಟರಪ್ಟ್ ಬಂದಾಗ ಆ ನಿಯಮದ ಪ್ರಕಾರ ಕರೆದವನು ಕಾಯಬೇಕಾದ ರಿಜಿಸ್ಟರುಗಳನ್ನು, ಹಿಂದಿರುಗುವ ವಿಳಾಸ ಸೇರಿ ಒಟ್ಟು ಎಂಟು ಪದಗಳನ್ನು, ಯಂತ್ರವೇ ಸ್ಟ್ಯಾಕಿನಲ್ಲಿ ಇಡುತ್ತದೆ. ಉಳಿದವನ್ನು ಕಾಯುವುದು ಎಂದಿನಂತೆ ಪ್ರೋಗ್ರಾಮಿನ ಹೊಣೆ. ಮನುಷ್ಯರ ನಡುವಿನ ಮಾತು ಅರ್ಧದಷ್ಟು ಸಿಲಿಕಾನಿನ ಗುಣವಾಯಿತು. ಇನ್ನರ್ಧ ಈಗಲೂ ಮಾತಾಗಿಯೇ ಉಳಿದಿದೆ. ನನ್ನ ಶಿಷ್ಯನ ಕೈಕೊಟ್ಟದ್ದು ಆ ಉಳಿದರ್ಧ.

ಆಸಕ್ತಿಯುಳ್ಳವರಿಗೆ ಒಂದು ಸೂಚನೆ. ಚಂದ್ರನ ಮೇಲೆ ಇಳಿದ ಆ ಪ್ರೋಗ್ರಾಮನ್ನು ಅಂತರ್ಜಾಲದಲ್ಲಿ ಸಾಲುಸಾಲಾಗಿ ಓದಬಹುದು. ನನಗೆ ಅರ್ಥವಾದುದು ಸ್ವಲ್ಪವೇ. ಆದರೂ ಅಲ್ಲಲ್ಲಿ ಕ್ಯೂ ಅನ್ನು ಜೋಪಾನವಾಗಿ ತೆಗೆದಿಟ್ಟು, ಕೆಲಸ ಮುಗಿದೊಡನೆ ಅದೇ ವಿಳಾಸಕ್ಕೆ ಮರಳುವ ಸಾಲುಗಳನ್ನು ಗುರುತಿಸಬಲ್ಲೆ.

ನನ್ನ ಆ ವಿದ್ಯಾರ್ಥಿ ಶಾಲೆಯಲ್ಲಿದ್ದಾಗ, ಅವಧಿ ಮುಗಿದೊಡನೆ ನಾನು ಹೇಳದಿದ್ದರೂ ಎದ್ದು ಬಂದು ಕರಿಹಲಗೆಯನ್ನು ಒರೆಸುತ್ತಿದ್ದ. ತಾರೀಖು ಬರೆದಿದ್ದ ಮೂಲೆಯೊಂದನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಎಲ್ಲ ಅಧ್ಯಾಪಕರಿಗೂ ಬೇಕಾದದ್ದು. ಯಾರೂ ಅವನಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ. ಹೊರಡುವಾಗ ಅವನಿಗೆ ಅದನ್ನು ನೆನಪಿಸಿದೆ. ನಕ್ಕ. "ಈಗಿನ ಕೆಲಸವೂ ಅದೇ ಸರ್" ಎಂದು ಹೇಳಿ ನಮಸ್ಕರಿಸಿ ಹೋದ.